ತುಂಗಭದ್ರೆಯಲ್ಲಿ ಕಯಾಕ್: ದೋಣಿ ಆಮೇಲೆ ಕೊಳ್ಳಿ, ಮೊದಲು ನೀರು ನೋಡಿ

ಪ್ರಶ್ನೆ: ನಾವು ದಾವಣಗೆರೆಯವರು. ನನಗೆ 41 ವರ್ಷ, ತೂಕ 82 ಕೆ.ಜಿ. ಹೆಂಡತಿ 58 ಕೆ.ಜಿ. ಮಗನಿಗೆ 13 ವರ್ಷ, 45 ಕೆ.ಜಿ. ಭಾನುವಾರ ಬೆಳಗ್ಗೆ ಹರಿಹರದ ಕಡೆ ಹೊಳೆಯಲ್ಲಿ ಕಯಾಕ್ (ಎರಡು ತುದಿಗೂ ಅಲಗಿರುವ ಹುಟ್ಟಿನಿಂದ ನಡೆಸುವ ಸಣ್ಣ ದೋಣಿ) ನಡೆಸಬೇಕೆಂಬ ಆಸೆ. ಅಲ್ಲಿ ಹೊಳೆ ನಿಂತ ನೀರಿನ ಹಾಗೆ ಕಾಣುತ್ತದೆ. ನಾನೂ ಮಗನೂ ಈಜುಕೊಳದಲ್ಲಿ ಈಜುತ್ತೇವೆ, ಹೆಂಡತಿಗೆ ಈಜು ಬಾರದು. ಮನೆ ಮೂರನೇ ಮಹಡಿಯಲ್ಲಿ, ಇರುವುದು ಸಣ್ಣ ಕಾರು. ಗಾಳಿ ತುಂಬುವ ಕಯಾಕ್ ಸಾಕೇ, ಗಟ್ಟಿ ಪ್ಲಾಸ್ಟಿಕ್ಕಿನದೇ ಬೇಕೇ? ಯಾವ ತಿಂಗಳು ಒಳ್ಳೆಯದು? ಕಲಿಯಲು ಎಲ್ಲಿಂದ ಶುರು ಮಾಡಬೇಕು?

ಉತ್ತರ: ‘ನಿಂತ ನೀರಿನ ಹಾಗೆ ಕಾಣುತ್ತದೆ’ ಎಂದಿದ್ದೀರಿ. ಸೇತುವೆಯ ಮೇಲಿಂದ ನೋಡಿದರೆ ಎಲ್ಲ ಹೊಳೆಯೂ ಹಾಗೇ ಕಾಣುತ್ತದೆ. ತುಂಗಭದ್ರೆಯ ಶಾಂತಿ ತಿಂಗಳಿನದು, ದಿನದ್ದು, ಒಮ್ಮೊಮ್ಮೆ ಬರೀ ಬೆಳಗಿನ ಹೊತ್ತಿನದು. ಆದ್ದರಿಂದ ದೋಣಿಯ ಮಾತು ಆಮೇಲೆ, ನೀರಿನ ಮಾತು ಮೊದಲು.

ಕೂಡ್ಲಿಯಲ್ಲಿ ತುಂಗೆ, ಭದ್ರೆ ಕೂಡಿ ಹೊನ್ನಾಳಿ ದಾಟಿ ಹರಿಹರಕ್ಕೆ ಬರುವ ಈ ಹೊಳೆಗೆ ಮೇಲೆ ಎರಡು ಬಾಗಿಲುಗಳಿವೆ. ಒಂದು, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು. ಅದು 71.5 ಟಿಎಂಸಿ ಹಿಡಿಯುತ್ತದೆ. ನೀರಿನ ಮಟ್ಟ 186 ಅಡಿಯ ಹತ್ತಿರ ಬರುವ ತನಕ ಮಳೆನೀರನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಇನ್ನೊಂದು, ಗಾಜನೂರಿನ ತುಂಗಾ ಅಣೆಕಟ್ಟು. ಅದರ ಹೊಟ್ಟೆ ಚಿಕ್ಕದು, 3.24 ಟಿಎಂಸಿ. ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಬಂದ ನೀರನ್ನು ಬಂದಂತೆ ಕೆಳಗೆ ಬಿಡದೆ ಅದಕ್ಕೆ ಬೇರೆ ದಾರಿಯಿಲ್ಲ. ದಾವಣಗೆರೆಯಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಹರಿಹರದಲ್ಲಿ ಹೊಳೆ ರಾತ್ರೋರಾತ್ರಿ ಏರುವುದು ಇದರಿಂದಲೇ. ಹೊನ್ನಾಳಿಯ ಬಾಲರಾಜ ಘಾಟ್‌ಗೂ ಹರಿಹರದ ಗಂಗಾನಗರಕ್ಕೂ ನೀರು ನುಗ್ಗುವುದು, ಉಕ್ಕಡಗಾತ್ರಿಯ ರಸ್ತೆ ಮುಳುಗುವುದು ಮಳೆಗಾಲದ ಪತ್ರಿಕೆಗಳಲ್ಲಿ ನೀವು ಓದಿಯೇ ಇರುತ್ತೀರಿ.

ಹೀಗಾಗಿ ಜೂನ್‌ನಿಂದ ಅಕ್ಟೋಬರ್ ತನಕ ಹೊಳೆಯನ್ನು ಮರೆತುಬಿಡಿ. ನವೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರದವರೆಗೆ ನಿಮ್ಮ ಕಾಲ: ನೀರು ತಿಳಿಯಾಗಿರುತ್ತದೆ, ದೋಣಿ ತೇಲುವಷ್ಟು ಆಳ ಇರುತ್ತದೆ, ಬೆಳಗ್ಗೆ ಒಂಬತ್ತೂವರೆಯ ತನಕ ಗಾಳಿ ಅಷ್ಟಾಗಿ ಏಳುವುದಿಲ್ಲ. ಫೆಬ್ರವರಿ ಕಳೆದರೆ ಹೊಳೆ ಮಡು ಮಡುವಾಗಿ ಒಡೆಯುತ್ತದೆ, ನಡುವೆ ಬಂಡೆ, ಮರಳು ಎದ್ದು ನಿಲ್ಲುತ್ತವೆ, ನಿಂತ ಕಡೆ ನೀರು ಪಾಚಿಗಟ್ಟುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗು-ಗಾಳಿಯ ಮುಂದೆ ಸಣ್ಣ ದೋಣಿಯ ಆಟ ನಡೆಯುವುದಿಲ್ಲ. ನಿಮಗೆ ಸಿಗುವುದು ವರ್ಷಕ್ಕೆ ಹತ್ತು-ಹನ್ನೆರಡು ಭಾನುವಾರ. ಖರ್ಚಿನ ಲೆಕ್ಕ ಹಾಕುವಾಗ ಇದು ನೆನಪಿರಲಿ.

ಚಳಿಗಾಲದಲ್ಲೂ ಹಿಂದಿನ ದಿನ ಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿಯಲ್ಲಿ ಎರಡೂ ಅಣೆಕಟ್ಟುಗಳ ಹೊರಹರಿವು ನೋಡಿ. ನಾಲೆಗೆ ಬಿಟ್ಟ ನೀರು ಬೇರೆ, ನದಿಗೆ ಬಿಟ್ಟದ್ದು ಬೇರೆ. ನಿಮಗೆ ಬೇಕಾದದ್ದು ಎರಡನೆಯದು. ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. ಒಂದು ಲೆಕ್ಕ ಹಾಕೋಣ: ಹೊಳೆ 150 ಮೀಟರ್ ಅಗಲ, ಸರಾಸರಿ ಒಂದು ಮೀಟರ್ ಆಳ, ಸೆಕೆಂಡಿಗೆ ಅರ್ಧ ಮೀಟರ್ ಸೆಳವು ಇದ್ದರೆ ಅಲ್ಲಿ ಹರಿಯುವುದು ಸುಮಾರು 2,650 ಕ್ಯೂಸೆಕ್. ಹೊಸಬರ ಕೈಗೆ ಅಲ್ಲಿಗೆ ಮಿತಿ ಮುಗಿಯಿತು. ಸಾವಿರ ಬಿಟ್ಟರು, ಎರಡು ಸಾವಿರ ಬಿಟ್ಟರು ಎಂಬ ಸುದ್ದಿ ಗದ್ದೆಯವರಿಗೆ ಸಣ್ಣದಾಗಿ ಕಾಣಬಹುದು, ಮೂರು ಮೀಟರ್ ದೋಣಿಯಲ್ಲಿ ಕೂತವರಿಗೆ ಅದು ದೊಡ್ಡ ಸುದ್ದಿ.

ದಡದಲ್ಲಿ ಮಾಡುವ ಪರೀಕ್ಷೆ ಇನ್ನೂ ಸುಲಭ. ನೀರಿನಂಚಿಗೆ 10 ಮೀಟರ್ ಅಳೆದು ಎರಡು ಕಲ್ಲು ಇಡಿ. ಸಿಪ್ಪೆ ಸುಲಿಯದ ಒಂದು ಕಿತ್ತಳೆ ಹಣ್ಣನ್ನು ಆದಷ್ಟು ದೂರ ಎಸೆದು, ಮೊದಲ ಕಲ್ಲಿನಿಂದ ಎರಡನೆಯದಕ್ಕೆ ಎಷ್ಟು ಸೆಕೆಂಡಿನಲ್ಲಿ ಬರುತ್ತದೆ ನೋಡಿ. ಎಲೆ, ಕಡ್ಡಿ ಬೇಡ, ಅವನ್ನು ಗಾಳಿ ತಳ್ಳುತ್ತದೆ. ಕಿತ್ತಳೆ ಮುಕ್ಕಾಲು ಮುಳುಗಿ ತೇಲುವುದರಿಂದ ನೀರಿನ ಮಾತನ್ನಷ್ಟೇ ಕೇಳುತ್ತದೆ. 20 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಇಳಿಯಬಹುದು. 20 ಸೆಕೆಂಡ್ ಎಂದರೆ ಗಂಟೆಗೆ 1.8 ಕಿ.ಮೀ. ಹೊಸಬರು ದಣಿಯದೆ ಗಂಟೆಗೆ 4 ಕಿ.ಮೀ. ಹೋಗುತ್ತಾರೆ ಅಂದುಕೊಂಡರೆ ಸೆಳವಿನ ಎದುರು 2.2 ಉಳಿಯಿತು. 10 ಸೆಕೆಂಡಿಗೇ ಬಂದರೆ ಸೆಳವು 3.6 ಕಿ.ಮೀ.; ನೀವು ಎಷ್ಟು ಹುಟ್ಟು ಹಾಕಿದರೂ ದಡದ ಮರ ಅಲ್ಲಲ್ಲೇ ನಿಂತಿರುತ್ತದೆ. ಸೆಳವು ಎರಡರಷ್ಟಾದರೆ ಅದು ದೋಣಿಯನ್ನು ಒತ್ತುವ ಬಲ ನಾಲ್ಕರಷ್ಟಾಗುತ್ತದೆ, ಎರಡರಷ್ಟಲ್ಲ. ನೀವು ಅಳೆದದ್ದು ದಡದ ಹತ್ತಿರದ್ದು, ನಡುಹೊಳೆಯಲ್ಲಿ ಇದಕ್ಕಿಂತ ಜೋರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೊರಡುವ ಮುಂಚೆ ನೀರಿನಂಚಿನಲ್ಲಿ ಒಂದು ಕೋಲು ನೆಡಿ. ದಡಕ್ಕೆ ಬಂದಾಗಲೆಲ್ಲ ಅದನ್ನು ನೋಡಿ. ನೀರು ನಾಲ್ಕು ಬೆರಳು ಏರಿದ್ದರೆ, ಕದಡಿದ್ದರೆ, ನೊರೆಯೂ ಕಸವೂ ಸಾಲಾಗಿ ತೇಲಿ ಬರುತ್ತಿದ್ದರೆ ಅವತ್ತಿಗೆ ಸಾಕು, ಮನೆಗೆ ನಡೆಯಿರಿ.

ಈಗ ಗಾಳಿ. ‘ಮೊದಲು ಸೆಳವಿನ ಎದುರು ಹೋಗು, ದಣಿದಾಗ ಹೊಳೆಯೇ ಮನೆಗೆ ತರುತ್ತದೆ’ ಎಂಬುದು ಎಲ್ಲೆಡೆ ಹೇಳಿಕೊಡುವ ನಿಯಮ. ನಮ್ಮ ಹೊಳೆಗೆ ಇದು ಅರ್ಧ ಮಾತ್ರ ಸರಿ. ಹೊನ್ನಾಳಿಯಿಂದ ಹರಿಹರಕ್ಕೆ ತುಂಗಭದ್ರೆ ಹೆಚ್ಚುಕಮ್ಮಿ ಬಡಗಣಕ್ಕೆ ಹರಿಯುತ್ತದೆ. ಚಳಿಗಾಲದ ಗಾಳಿ ಮೂಡಣ, ಈಶಾನ್ಯದಿಂದ ಬೀಸುತ್ತದೆ. ಅಂದರೆ ಬೆಳಗ್ಗೆ ಏಳಕ್ಕೆ ಗಾಳಿಯಿಲ್ಲದ ಹೊತ್ತಿನಲ್ಲಿ ನೀವು ಹೊಳೆಯ ಮೇಲ್ದಿಕ್ಕಿಗೆ ಸಲೀಸಾಗಿ ಹೋಗುತ್ತೀರಿ. ಒಂಬತ್ತೂವರೆಗೆ ತಿರುಗಿದಾಗ ಗಾಳಿ ಎದುರಿಗೆ ಎದ್ದಿರುತ್ತದೆ. ಸೆಳವು ಕಡಿಮೆಯಿರುವ ಈ ಕಾಲದಲ್ಲಿ ಗಾಳಿಯೇ ಗೆಲ್ಲುತ್ತದೆ, ‘ಮನೆಗೆ ತರುವ ಹೊಳೆ’ ನಿಮ್ಮನ್ನು ತರುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ದಡದಿಂದ 20 ಮೀಟರ್ ಒಳಗೆ ಹೋಗಿ ಹುಟ್ಟನ್ನು ತೊಡೆಯ ಮೇಲಿಟ್ಟು ಎರಡು ನಿಮಿಷ ಸುಮ್ಮನೆ ಕೂಡಿ. ದೋಣಿ ಯಾವ ಕಡೆ ತೇಲಿಹೋಗುತ್ತದೆಯೋ ಅದರ ಎದುರು ದಿಕ್ಕಿಗೆ ಪ್ರಯಾಣ ಶುರು ಮಾಡಿ. ಸೆಳವೂ ಗಾಳಿಯೂ ಸೇರಿ ಕೊಟ್ಟ ತೀರ್ಪು ಅದು. ತಿರುಗುವ ಮುನ್ನ ಇನ್ನೊಮ್ಮೆ ಇದೇ ಪರೀಕ್ಷೆ ಮಾಡಿ. ಹೊರಟು 40 ನಿಮಿಷವಾದರೆ ಎಲ್ಲಿದ್ದರೂ ತಿರುಗಿ. ದೂರದ ಗುರಿ ಇಟ್ಟುಕೊಳ್ಳಬೇಡಿ, ಹೊತ್ತಿನ ಗುರಿ ಇಟ್ಟುಕೊಳ್ಳಿ.

ಸೂಳೆಕೆರೆ, ಅಂದರೆ ಶಾಂತಿಸಾಗರ, ಇದಕ್ಕಿಂತ ಸುರಕ್ಷಿತವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲಿ ಸೆಳವಿಲ್ಲ ನಿಜ, ಆದರೆ ಗಾಳಿಗೆ ಓಡಲು ಬಯಲಿದೆ. ಬಯಲು ಉದ್ದವಾದಷ್ಟೂ ಅಲೆ ಎತ್ತರವಾಗುತ್ತದೆ. ಈಚೆ ದಡದಲ್ಲಿ ನೀರು ಕನ್ನಡಿಯಂತಿದ್ದರೂ ಆಚೆ ದಡದಲ್ಲಿ ಅಡಿ ಎತ್ತರದ ಅಲೆ ಬಡಿಯುತ್ತಿರಬಹುದು. ಹಿರಿಯೂರಿನ ವಾಣಿವಿಲಾಸ ಸಾಗರದ ಕಥೆಯೂ ಅಷ್ಟೇ, ಅಲ್ಲಿ ಆಳವೂ ಸೇರಿಕೊಳ್ಳುತ್ತದೆ. ಕೆರೆಯಲ್ಲಿ ಕಲಿಯುವುದಾದರೆ ಗಾಳಿ ದಡದ ಕಡೆಗೆ ಬೀಸುವ ಮಗ್ಗುಲು ಹಿಡಿದು, ಎದೆಮಟ್ಟದ ನೀರಿನಲ್ಲಿ, ದಡಕ್ಕೆ ಸಮವಾಗಿ ಹೋಗಿ ಬನ್ನಿ. ಕುಂದುವಾಡ ಕೆರೆ ನಗರ ಕುಡಿಯುವ ನೀರು. ಅದರ ಆಸೆ ಬೇಡ.

ಇನ್ನು ದೋಣಿ. ನಿಮ್ಮ ಮನೆಗೆ ಮೇಲೆ ಕೂರುವ ಬಗೆಯ ಗಟ್ಟಿ ಕಯಾಕ್ ಸರಿ, ಒಳಗೆ ಕಾಲು ತೂರಿಸಿ ಕೂರುವುದು ಬೇಡ. ಒಳಗೆ ಕೂರುವುದು ಮಗುಚಿದರೆ ಹೊಟ್ಟೆ ತುಂಬ ನೀರು ಕುಡಿಯುತ್ತದೆ. ನಡುನೀರಿನಲ್ಲಿ ಅದನ್ನು ಬರಿದು ಮಾಡುವುದು ಕಲಿತವರ ಕೆಲಸ. ಮೇಲೆ ಕೂರುವುದು ನಾಲ್ಕೂ ಕಡೆ ಮುಚ್ಚಿದ ಡಬ್ಬಿಯಂಥದ್ದು. ಮಗುಚಿದರೆ ತಿರುಗಿಸಿ ಹತ್ತಬಹುದು, ಮೇಲೆ ಬಿದ್ದ ನೀರು ಕೂರುವ ಜಾಗದ ತೂತುಗಳಿಂದ ತಾನೇ ಇಳಿದುಹೋಗುತ್ತದೆ. ಒಬ್ಬರದಾದರೆ 9ರಿಂದ 10.5 ಅಡಿ ಉದ್ದ, 29ರಿಂದ 32 ಇಂಚು ಅಗಲ, 20-25 ಕೆ.ಜಿ. ತೂಕ ಸಾಮಾನ್ಯ. ಕಂಪನಿ ಬರೆದ ಭಾರಮಿತಿಯ ಮುಕ್ಕಾಲು ಭಾಗವನ್ನೇ ನಿಜವಾದ ಮಿತಿ ಎಂದು ತಿಳಿಯಿರಿ. ನೀವು 82, ನೀರು-ಚೀಲ 5, ಒಟ್ಟು 87. ಅಂದರೆ 120 ಕೆ.ಜಿ. ಎಂದು ಬರೆದ ದೋಣಿ ಬೇಕು. ಮಿತಿಯ ತುದಿಗೆ ಹೋದರೆ ಮುಳುಗುವುದಿಲ್ಲ, ಆದರೆ ಆ ತೂತುಗಳಿಂದಲೇ ನೀರು ಮೇಲಕ್ಕೆ ಬಂದು ಇಡೀ ಹೊತ್ತು ಕೊಚ್ಚೆಯಲ್ಲಿ ಕೂತ ಹಾಗಾಗುತ್ತದೆ. ದೋಣಿಯೂ ಎಮ್ಮೆಯ ಹಾಗೆ ತಿರುಗುತ್ತದೆ.

ಮೂವರಿಗೆ ಒಂದು ಇಬ್ಬರದು, ಒಂದು ಒಬ್ಬರದು. ಮೂವರೂ ಒಂದರಲ್ಲೇ ಕೂರುವ ಯೋಚನೆ ಬಿಡಿ, 185 ಕೆ.ಜಿ. ಆಗುತ್ತದೆ. ಮಗನನ್ನು ಒಂಟಿ ದೋಣಿಯಲ್ಲಿ ಬಿಡಬೇಡಿ, ಈಜು ಬಾರದ ತಾಯಿಯನ್ನೂ ಬಿಡಬೇಡಿ. ಉಳಿದದ್ದು ನೀವು: ಒಂಟಿ ದೋಣಿ ನಿಮ್ಮದು, ಜೋಡಿ ದೋಣಿ ತಾಯಿ-ಮಗನದು. ಜೋಡಿಯಲ್ಲಿ ಭಾರದವರು ಹಿಂದೆ, ಹಗುರದವರು ಮುಂದೆ. ಮುಂದಿನವರು ತಾಳ ಹಾಕುತ್ತಾರೆ, ಹಿಂದಿನವರು ಆ ತಾಳಕ್ಕೆ ಹುಟ್ಟು ಕೂಡಿಸುತ್ತಾರೆ, ದಿಕ್ಕು ತಿದ್ದುವುದೂ ಹಿಂದಿನವರೇ. ತಾಳ ತಪ್ಪಿದರೆ ಹುಟ್ಟಿಗೆ ಹುಟ್ಟು ಬಡಿಯುತ್ತದೆ. ಗಂಡ-ಹೆಂಡಿರು ಜೋಡಿ ದೋಣಿ ಹತ್ತಿದರೆ ಜಗಳ ಗ್ಯಾರಂಟಿ ಎಂಬ ಹಳೆಯ ತಮಾಷೆಗೆ ಇದೇ ಮೂಲ. ಎಂದಾದರೂ ನೀವೇ ಮಗನ ಹಿಂದೆ ಕೂತರೆ 82ಕ್ಕೂ 45ಕ್ಕೂ ಸಮವಾಗದೆ ಮೂತಿ ಮೇಲೆದ್ದು, ಅಡ್ಡಗಾಳಿ ಅದನ್ನು ಹಿಡಿದು ತಿರುಗಿಸುತ್ತದೆ. ಮುಂಬದಿಯಲ್ಲಿ 10 ಲೀಟರ್ ನೀರಿನ ಕ್ಯಾನು ಕಟ್ಟಿ.

ಗಾಳಿ ತುಂಬುವ ದೋಣಿ ಮೂರನೇ ಮಹಡಿಯವರಿಗೆ ಅನುಕೂಲ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ನಮ್ಮ ದಡದಲ್ಲಿ ಅದಕ್ಕೆ ಇಬ್ಬರು ಶತ್ರುಗಳು: ಬಳ್ಳಾರಿ ಜಾಲಿ, ಬಿಸಿಲು. ಜಾಲಿಮುಳ್ಳು ಚಪ್ಪಲಿಯನ್ನೇ ದಾಟುತ್ತದೆ, ತೆಳು ಪಿವಿಸಿ ಅದಕ್ಕೆ ಲೆಕ್ಕವೇ ಅಲ್ಲ. ಬಿಸಿಲಿನ ಆಟ ಇನ್ನೂ ಮೋಸದ್ದು. ಬೆಳಗ್ಗೆ 25 ಡಿಗ್ರಿಯಲ್ಲಿ 1.5 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಒತ್ತಡದ ಅಳತೆ) ತುಂಬಿದ ದೋಣಿಯನ್ನು ದಡಕ್ಕೆಳೆದು ತಿಂಡಿಗೆ ಕೂತಿರಿ, ಕಪ್ಪು-ನೀಲಿ ಚರ್ಮ ಕಾದು ಒಳಗಾಳಿ 50 ಡಿಗ್ರಿ ಮುಟ್ಟಿತು ಅನ್ನಿ. ಚರ್ಮ ಹಿಗ್ಗದಿದ್ದರೆ ಒತ್ತಡ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ, ಬೆಸುಗೆ ಬಿಡುವುದು ಆಗಲೇ. ನೀರಿನಲ್ಲಿ ಇದರ ತಿರುಗುಮುರುಗು: ತಂಪಿಗೆ ಗಾಳಿ ಕುಗ್ಗಿ ದೋಣಿ ನಡು ಬಗ್ಗುತ್ತದೆ. ಆದ್ದರಿಂದ ನೀರಿಗಿಳಿಸಿ ಹತ್ತು ನಿಮಿಷವಾದ ಮೇಲೆ ಮತ್ತಷ್ಟು ತುಂಬಿ, ದಡಕ್ಕೆ ಬಂದ ಕೂಡಲೇ ಸ್ವಲ್ಪ ಬಿಟ್ಟುಬಿಡಿ. ಒಳಗೆ ನೂಲಿನಿಂದ ಎರಡು ಪದರ ಬಿಗಿದು 8-10 ಪಿಎಸ್‌ಐ ತಡೆಯುವಂತೆ ಮಾಡಿದ ತಳದವು ಗಟ್ಟಿಯಾಗಿರುತ್ತವೆ, ಬೆಲೆಯೂ ಗಟ್ಟಿಯೇ. ಕೊಳ್ಳುವುದಾದರೆ ಕಡೇಪಕ್ಷ ಮೂರು ಬೇರೆ ಬೇರೆ ಗಾಳಿಕೋಣೆಗಳಿರುವುದನ್ನೇ ಕೊಳ್ಳಿ, ಕೆಳಗೆ ರೆಕ್ಕೆ ಸಿಕ್ಕಿಸಲು ಮರೆಯಬೇಡಿ. ರೆಕ್ಕೆಯಿಲ್ಲದ ಗಾಳಿದೋಣಿ ಹರಿಗೋಲಿನಂತೆ ಸುತ್ತುತ್ತದೆ. ಆಟಿಕೆ ಜಾತಿಯ ಅಗ್ಗದವು ಈಜುಕೊಳಕ್ಕೆ ಸರಿ, ಹೊಳೆಗಲ್ಲ.

ಹುಟ್ಟಿನ ಉದ್ದ ದೋಣಿಯ ಅಗಲವನ್ನು ನೋಡಿ ಆರಿಸಬೇಕು. 30 ಇಂಚಿನ ದೋಣಿಗೆ 230 ಸೆಂ.ಮೀ., ಅಗಲದ ಜೋಡಿ ದೋಣಿಗೆ 240. ಗಿಡ್ಡ ಹುಟ್ಟಾದರೆ ಬೆರಳ ಗೆಣ್ಣು ದೋಣಿಯಂಚಿಗೆ ಉಜ್ಜುತ್ತದೆ, ಉದ್ದವಾದರೆ ದೋಣಿ ಹಾವಿನಂತೆ ಹರಿಯುತ್ತದೆ. ಅಲಗಿನ ಒಳಬಾಗು ಮುಖ ನಿಮ್ಮ ಕಡೆ, ಉದ್ದನೆಯ ಅಂಚು ಮೇಲೆ ಇರಬೇಕು. ಹೊಸಬರಲ್ಲಿ ಬಹಳ ಮಂದಿ ಇದನ್ನು ತಲೆಕೆಳಗಾಗಿ ಹಿಡಿದು, ದೋಣಿಯೇ ಸರಿಯಿಲ್ಲ ಅನ್ನುತ್ತಾರೆ.

ಲೈಫ್ ಜಾಕೆಟ್ಟಿನ ವಿಷಯದಲ್ಲಿ ರಾಜಿಯಿಲ್ಲ, ಮೂವರಿಗೂ ಒಂದೇ ಬಗೆಯದು ಸಾಕು ಎಂಬುದೂ ತಪ್ಪು. 50 ನ್ಯೂಟನ್ (ತೇಲಿಸುವ ಬಲದ ಅಳತೆ) ದರ್ಜೆಯದು ಈಜು ಬಲ್ಲವರಿಗೆ ನೆರವು ಮಾತ್ರ. ಹೆಂಡತಿಯವರಿಗೆ ಕಾಲರ್ ಇರುವ 100 ನ್ಯೂಟನ್ ದರ್ಜೆಯದೇ ಬೇಕು. ಮುಖ ಮೇಲಾಗಿ ತೇಲಿಸಲೆಂದು ಮಾಡಿದ್ದು ಅದು. ತೊಟ್ಟು, ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿದು, ಹಿಂದೆ ನಿಂತು ಹೆಗಲ ಪಟ್ಟಿ ಹಿಡಿದೆತ್ತಿ. ಜಾಕೆಟ್ ಕಿವಿಯ ತನಕ ಏರಿದರೆ ಅಳತೆ ದೊಡ್ಡದಾಯಿತು. ಹುಡುಗನ ಜಾಕೆಟ್ಟಿಗೆ ತೊಡೆಸಂದಿನ ಪಟ್ಟಿ ಇರಲಿ. ಬಾಡಿಗೆಯದು, ಹಳೆಯದು ಆದರೆ ಒಳಗಿನ ಫೋಮ್ ಸತ್ತಿರಬಹುದು. ಅದಕ್ಕೊಂದು ಅಂಗಡಿ ಪರೀಕ್ಷೆ ಇದೆ: ಲೇಬಲ್ಲಿನ ನ್ಯೂಟನ್ನನ್ನು ಹತ್ತರಿಂದ ಭಾಗಿಸಿ, ಅಷ್ಟು ಕೆ.ಜಿ. ಕಬ್ಬಿಣದ ತೂಕದಕಲ್ಲು ಕಟ್ಟಿ ನೀರಿನ ಡ್ರಮ್ಮಿಗೆ ಬಿಡಿ. ಕಬ್ಬಿಣ ನೀರಿನಲ್ಲಿ ತನ್ನ ತೂಕದ ಎಂಟನೇ ಒಂದು ಭಾಗ ಕಳೆದುಕೊಳ್ಳುವುದರಿಂದ ಒಳ್ಳೆಯ ಜಾಕೆಟ್ ಸಲೀಸಾಗಿ ತೇಲಿಸಬೇಕು. ಮುಳುಗಿತೋ, ಅದನ್ನು ಮನೆಗೆ ತರಬೇಡಿ. ಇನ್ನು ಹಗ್ಗವನ್ನಾಗಲಿ ಹುಟ್ಟಿನ ದಾರವನ್ನಾಗಲಿ ಮೈಗೆ ಕಟ್ಟಿಕೊಳ್ಳುವುದು ಬೇಡವೇ ಬೇಡ. ಹರಿವ ನೀರಿನಲ್ಲಿ ಅದು ಕೊಂಬೆಗೆ ಸಿಕ್ಕರೆ ಬಿಡಿಸಿಕೊಳ್ಳಲು ಆಗುವುದಿಲ್ಲ.

ಕಲಿಕೆ ಹುಟ್ಟಿನಿಂದಲ್ಲ, ಬೀಳುವುದರಿಂದ ಶುರುವಾಗಲಿ. ಮರಳು ತಳದ, ಸೆಳವಿಲ್ಲದ, ಸೊಂಟದಿಂದ ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಮಗುಚಿ. ಬಿದ್ದವರ ಮೊದಲ ಕೆಲಸ ದೋಣಿಯನ್ನು ಹಿಡಿಯುವುದು. ಗಾಳಿಗೆ ಖಾಲಿ ದೋಣಿ ನೀವು ಈಜುವುದಕ್ಕಿಂತ ಬೇಗ ಓಡುತ್ತದೆ, ಅದನ್ನು ಬೆನ್ನಟ್ಟಿಯೇ ಜನ ದಣಿಯುತ್ತಾರೆ. ಬೋರಲು ಬಿದ್ದ ದೋಣಿಯ ನಡುಭಾಗಕ್ಕೆ ಬನ್ನಿ, ತಳದ ಮೇಲಿಂದ ಕೈ ಚಾಚಿ ಆಚೆ ಅಂಚನ್ನು ಹಿಡಿಯಿರಿ, ಮಂಡಿಯನ್ನು ಈಚೆ ಅಂಚಿಗೆ ಒತ್ತಿ ಹಿಂದಕ್ಕೆ ವಾಲಿ. ದೋಣಿ ನಿಮ್ಮ ಕಡೆಗೇ ತಿರುಗಿ ಬೀಳುತ್ತದೆ, ತಲೆ ಜೋಪಾನ. ಈಗ ಹತ್ತುವುದು. ಇಲ್ಲೇ ಎಲ್ಲರೂ ತಪ್ಪುವುದು: ಗೋಡೆ ಹತ್ತುವವರಂತೆ ಕಾಲು ಕೆಳಗಿಟ್ಟುಕೊಂಡು ತೋಳಿನಿಂದ ಎಳೆದುಕೊಳ್ಳುತ್ತಾರೆ, ಕಾಲು ದೋಣಿಯಡಿಗೆ ಹೋಗುತ್ತದೆ, ದೋಣಿ ಮತ್ತೆ ಮಗುಚುತ್ತದೆ. ಮೊದಲು ಕಾಲು ಹಿಂದಕ್ಕೆ ಚಾಚಿ, ನೀರಿನ ಮೇಲೆ ಬರುವ ತನಕ ಬಡಿಯಿರಿ, ಮೈ ಚಪ್ಪಟೆಯಾಗಲಿ. ಆಮೇಲೆ ಮೊಸಳೆ ದಡ ಹತ್ತುವ ಹಾಗೆ ಹೊಟ್ಟೆಯನ್ನು ದೋಣಿಗೆ ಅಡ್ಡಲಾಗಿ ಜಾರಿಸಿ, ಹೊಕ್ಕಳು ನಡುವಿಗೆ ಬಂದ ಮೇಲೆ ಹೊರಳಿ ಕುಂಡೆಯೂರಿ, ಕೊನೆಗೆ ಕಾಲು ಒಳಗೆ ತನ್ನಿ. ಹೊಟ್ಟೆ, ಕುಂಡೆ, ಕಾಲು, ಕ್ರಮ ಅದಲುಬದಲಾಗಬಾರದು. ಜೋಡಿ ದೋಣಿಯಾದರೆ ಒಬ್ಬರು ಹತ್ತುವಾಗ ಇನ್ನೊಬ್ಬರು ಎದುರು ಅಂಚಿಗೆ ಜೋತು ಬಿದ್ದು ಸಮತೂಕ ಕೊಡಬೇಕು. ಎರಡೂ ಮಗ್ಗುಲಿನಿಂದ ತಲಾ ಐದು ಸಲ, ಜಾಕೆಟ್ ಹಾಕಿಕೊಂಡೇ, ಮೂವರೂ ಮಾಡಲಿ. ಹೆಂಡತಿಯವರು ನೆರವಿಲ್ಲದೆ ಮೂರು ಸಲ ಹತ್ತುವ ತನಕ ಹೊಳೆ ಬೇಡ. ಇದು ಕಠಿಣ ಅನ್ನಿಸಿದರೂ ನಮ್ಮ ಅಭಿಪ್ರಾಯ ಇದೇ.

ಎರಡು-ಮೂರು ದಿನ ಗುರುವಿನ ಕೈಯಲ್ಲಿ ಕಲಿಯಬೇಕೆಂದರೆ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಜಲಸಾಹಸ ಶಿಬಿರಗಳನ್ನು ವಿಚಾರಿಸಿ. ಸಾಗರ ತಾಲ್ಲೂಕಿನ ಹೊನ್ನೆಮರಡು ಶರಾವತಿ ಹಿನ್ನೀರಿನಲ್ಲೂ ಕಯಾಕ್ ನಡೆಯುತ್ತದೆ. ದೋಣಿ ಕೊಳ್ಳುವ ಮುನ್ನವೇ ಹೋಗಿಬಂದರೆ ಎಷ್ಟೋ ದುಡ್ಡು ಉಳಿಯುತ್ತದೆ.

ಹುಟ್ಟು ಹಾಕುವುದು ತೋಳಿನ ಕೆಲಸವಲ್ಲ, ನಡುವಿನದು. ಹರಿಗೋಲಿನ ಅಂಬಿಗ ಒಂದೇ ಹುಟ್ಟಿನಿಂದ ಮುಂದಿನ ನೀರನ್ನು ಬಾಚಿ ಎಳೆದುಕೊಳ್ಳುತ್ತಾನೆ. ಗುಂಡು ದೋಣಿಗೆ ಅದು ಸರಿ. ಕಯಾಕಿಗೆ ಮೂತಿಯಿದೆ, ದಿಕ್ಕಿದೆ. ಹುಟ್ಟನ್ನು ನೆತ್ತಿಯ ಮೇಲಿಟ್ಟು, ಮೊಣಕೈ ಮೂಲೆಮಟ್ಟವಾಗುವಂತೆ ಹಿಡಿಯಿರಿ. ಕೈಗಳ ಜಾಗ ಅದೇ. ಬೆನ್ನು ನೆಟ್ಟಗೆ, ಮಂಡಿ ಸ್ವಲ್ಪ ಮಡಿಸಿ, ಅಂಗಾಲು ದೋಣಿಯಲ್ಲಿ ಕಾಲೂರಲು ಇರುವ ಮೆಟ್ಟಿಗೆ ಒತ್ತಿರಲಿ. ಬಲಕ್ಕೆ ಹುಟ್ಟು ಹಾಕಲು ಬಲಭುಜವನ್ನು ಮುಂದಕ್ಕೆ ತಿರುಗಿಸಿ, ಅಲಗನ್ನು ಕಾಲ್ಬೆರಳ ನೇರಕ್ಕೆ, ದೋಣಿಗೆ ಒತ್ತಿದಂತೆ ಪೂರ್ತಿ ಮುಳುಗಿಸಿ. ಈಗ ಬಲಗಾಲಿನಿಂದ ಮೆಟ್ಟು ಒತ್ತುತ್ತ ನಡುವನ್ನು ಬಲಕ್ಕೆ ಬಿಚ್ಚಿ. ಅಲಗು ಸೊಂಟಕ್ಕೆ ಬರುತ್ತಲೇ ಮೇಲೆತ್ತಿ. ಸೊಂಟ ದಾಟಿಸಿ ಹಿಂದಕ್ಕೆಳೆದರೆ ಅದು ದೋಣಿಯನ್ನು ಮುಂದೆ ತಳ್ಳುವ ಬದಲು ಹಿಂಬದಿಯನ್ನು ಅತ್ತಿತ್ತ ದೂಡುತ್ತದೆ. ಗಿಡ್ಡ, ಅಗಲ ದೋಣಿ ಹಾವು ಹರಿದಂತೆ ಹರಿಯುವುದಕ್ಕೆ ಮುಖ್ಯ ಕಾರಣ ಇದು. ಇನ್ನೊಂದು, ಅಲಗನ್ನು ದೋಣಿಯಿಂದ ದೂರ ಹಾಕುವುದು.

ಮೂತಿ ಎಡಕ್ಕೆ ಸರಿದರೆ ಹೊಸಬರು ಬಲಗಡೆ ಹಿಮ್ಮುಖ ಹುಟ್ಟು ಹಾಕಿ ನಿಲ್ಲಿಸುತ್ತಾರೆ. ದಿಕ್ಕು ಸರಿಯಾಗುತ್ತದೆ, ಓಟ ಸಾಯುತ್ತದೆ. ಅದರ ಬದಲು ಎಡಗಡೆಯೇ ಒಂದು ಬೀಸುಹುಟ್ಟು ಹಾಕಿ: ಅಲಗನ್ನು ಮೂತಿಯ ಬಳಿ ಇಳಿಸಿ, ಕುಡುಗೋಲು ಬೀಸಿದಂತೆ ಅರ್ಧ ಚಂದ್ರಾಕಾರವಾಗಿ ಹಿಂಬದಿಯ ತನಕ. ಗಾಳಿ ಪಕ್ಕದಿಂದ ಬೀಸಿದಾಗ ದೋಣಿಯ ಮೂತಿ ತಾನಾಗಿ ಗಾಳಿಯ ಕಡೆಗೆ ತಿರುಗಲು ಹವಣಿಸುತ್ತದೆ. ದೋಣಿ ಕೆಟ್ಟಿದೆಯೆಂದಲ್ಲ, ಓಡುವ ದೋಣಿಯ ಮೂತಿ ನೀರನ್ನು ಕಚ್ಚಿಕೊಂಡಿದ್ದು ಹಿಂಬದಿ ಸಡಿಲವಿರುತ್ತದೆ. ಗಾಳಿ ಬರುವ ಬದಿಯಲ್ಲಿ ನಾಲ್ಕೈದಕ್ಕೊಮ್ಮೆ ಬೀಸುಹುಟ್ಟು ಸೇರಿಸಿ. ಮುಷ್ಟಿ ಬಿಗಿ ಹಿಡಿಯಬೇಡಿ. ಬೊಬ್ಬೆ ಏಳುವುದೂ ಮಣಿಕಟ್ಟು ನೋಯುವುದೂ ಬಿಗಿಹಿಡಿತದಿಂದ. ತೋಳು ಮೊದಲು ನೊಂದರೆ ನಡು ದುಡಿಯುತ್ತಿಲ್ಲ ಎಂದು ತಿಳಿಯಿರಿ.

ಹೊಳೆಯಲ್ಲಿ ಎಲ್ಲಕ್ಕಿಂತ ಮೋಸದ್ದು ಮರಳು ತೆಗೆದ ಗುಂಡಿ. ಮೊಣಕಾಲು ನೀರು, ಒಂದು ಹೆಜ್ಜೆ, ಆಮೇಲೆ ಆಳುದ್ದ. ಮೇಲಿಂದ ಗುರುತು ಸಿಗುವುದಿಲ್ಲ. ನಡುಹೊಳೆಯ ಮರಳದಿಬ್ಬದಲ್ಲಿ ಇಳಿಯುವುದಾದರೆ ಹುಟ್ಟಿನಿಂದ ಸುತ್ತ ಚುಚ್ಚಿ ನೋಡಿ, ದೋಣಿಯನ್ನು ಕೈಬಿಡದೆ ಇಳಿಯಿರಿ. ದಡದ ಬಳಿ ಪಂಪ್‌ಸೆಟ್ಟುಗಳ ವಿದ್ಯುತ್ ತಂತಿ ಕೊಂಬೆಯಿಂದ ಕೊಂಬೆಗೆ ಜೋತಾಡುತ್ತದೆ, ಕೆಲವು ಕಡೆ ನೀರಿನಲ್ಲೇ ಬಿದ್ದಿರುತ್ತದೆ. ತಂತಿಯನ್ನು ಹುಟ್ಟಿನಿಂದ ಎತ್ತಿ ದಾಟುವ ಸಾಹಸ ಮಾಡಬೇಡಿ, ಅಲ್ಯೂಮಿನಿಯಂ ದಂಡದ ಹುಟ್ಟಿದ್ದರಂತೂ ಹತ್ತಿರವೇ ಸುಳಿಯಬೇಡಿ. ಪಂಪಿನ ಕೊಳವೆಗಳಿಂದ ಹತ್ತು ಮೀಟರ್ ದೂರ ಇರಿ. ಸಾಲಾಗಿ ತೇಲುವ ಥರ್ಮಾಕೋಲ್ ತುಂಡು, ಖಾಲಿ ಬಾಟಲಿ ಕಂಡರೆ ಕೆಳಗೆ ಬಲೆ ಇದೆ ಎಂದರ್ಥ. ಸಾಲಿನ ತುದಿ ಸುತ್ತಿ ಹೋಗಿ. ಮೀನುಗಾರರ ಬಲೆ ಹರಿದರೆ ಅವರ ಒಂದು ದಿನದ ಅನ್ನ ಹೋಯಿತು, ನಾಳೆ ನಿಮಗೆ ಹೊಳೆಯ ಸುದ್ದಿ ಹೇಳುವವರೂ ಇಲ್ಲವಾದರು.

ನೀರಿಗೆ ಬಾಗಿದ ಜಾಲಿಮರ ನೆರಳಿಗೆ ಚೆಂದ, ಸೆಳವಿದ್ದರೆ ಬಲು ಕೆಟ್ಟದ್ದು. ನೀರು ಕೊಂಬೆಗಳ ನಡುವೆ ನುಗ್ಗಿ ಹೋಗುತ್ತದೆ, ಮನುಷ್ಯ ಜರಡಿಯಲ್ಲಿ ಸಿಕ್ಕಂತೆ ಸಿಕ್ಕಿಕೊಳ್ಳುತ್ತಾನೆ. ಹೊಳೆ ತಿರುಗುವಲ್ಲಿ ಸೆಳವು ಹೊರದಡಕ್ಕೆ ಒತ್ತುತ್ತದೆ, ಇಂಥ ಮರಗಳಿರುವುದೂ ಅಲ್ಲೇ. ಒಳದಡ ಹಿಡಿದು ಹೋಗಿ. ಮರಕ್ಕೋ ಸೇತುವೆ ಕಂಬಕ್ಕೋ ದೋಣಿ ಅಡ್ಡಲಾಗಿ ತಾಗಿತು ಅನ್ನಿ, ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಆಗ ಮೇಲಿಂದ ಬರುವ ನೀರು ದೋಣಿಯಂಚನ್ನು ಒತ್ತಿ ಮಗುಚುತ್ತದೆ. ಕಂಬವನ್ನು ತಬ್ಬುವ ಹಾಗೆ ಅದರ ಕಡೆಗೇ ವಾಲಿ. ಹರಿಹರದಲ್ಲಿ 1868ರ ಕಮಾನು ಸೇತುವೆ ಸೇರಿ ಕಂಬಗಳಿಗೆ ಬರವಿಲ್ಲ. ದಾಟುವುದಾದರೆ ಎರಡು ಕಂಬದ ನಟ್ಟನಡುವೆ, ನೇರವಾಗಿ, ಹುಟ್ಟು ನಿಲ್ಲಿಸದೆ ದಾಟಿ.

ಅಡ್ಡಗಟ್ಟೆ, ಬ್ಯಾರೇಜ್ ಮೇಲುಗಡೆಯಿಂದ ಬರುವವರಿಗೆ ಬರೀ ಒಂದು ಗೆರೆಯಂತೆ ಕಾಣುತ್ತದೆ: ನೀರು ಅಲ್ಲಿ ಮುಗಿದಂತೆ. ಎರಡಡಿ ಬೀಳುವ ನೀರು ಕೂಡ ಬುಡದಲ್ಲಿ ಹಿಂದಕ್ಕೆ ಸುತ್ತಿ, ಬಿದ್ದದ್ದನ್ನು ಬಿಡದೆ ಹೊರಳಿಸುತ್ತದೆ, ಜಾಕೆಟ್ ಇದ್ದರೂ. ನೂರು ಮೀಟರ್ ಮೊದಲೇ ದಡ ಸೇರಿ. ದಾವಣಗೆರೆಗೆ ನೀರೆತ್ತುವ ರಾಜನಹಳ್ಳಿಯ ಜಾಕ್‌ವೆಲ್ (ಪಂಪಿನ ಬಾವಿ) ಆಸುಪಾಸಿಗೂ ಹೋಗಬೇಡಿ. ಬಿದ್ದು ಸೆಳವಿನಲ್ಲಿ ಸಿಕ್ಕರೆ ಅಂಗಾತ ಮಲಗಿ, ಕಾಲು ಮುಂದೆ, ಕಾಲ್ಬೆರಳು ನೀರಿನ ಮೇಲೆ. ಮೊಣಕಾಲಿಗಿಂತ ಹೆಚ್ಚು ನೀರಿದ್ದರೆ ಎದ್ದು ನಿಲ್ಲಲು ನೋಡಬೇಡಿ, ಪಾದ ಬಂಡೆಸಂದಿಗೆ ಸಿಕ್ಕರೆ ನೀರು ಮೈಯನ್ನು ಮುಂದಕ್ಕೆ ಮಡಿಸಿ ಮುಳುಗಿಸುತ್ತದೆ.

ತುಂಗಭದ್ರೆಯಲ್ಲಿ ಮೊಸಳೆ ಇದೆ. ನಿಮ್ಮ ಕಾಲವೇ ಅದಕ್ಕೂ ಬಿಸಿಲು ಕಾಯುವ ಕಾಲ: ಚಳಿಗಾಲದ ಬೆಳಗ್ಗೆ ಬಂಡೆ, ಮರಳದಿಬ್ಬದ ಮೇಲೆ ಮಲಗಿರುತ್ತದೆ. ಇಳಿಯುವ ಮುನ್ನ ಮೀನುಗಾರರನ್ನು ಕೇಳಿ. ಕಂಡರೆ ನೂರು ಮೀಟರ್ ದೂರದಿಂದಲೇ ತಿರುಗಿ. ದಿಬ್ಬದಿಂದ ನೀರಿಗೆ ಜಾರಿದ ಗುರುತಿದ್ದರೆ ಅಲ್ಲಿ ಇಳಿಯಬೇಡಿ. ಮಬ್ಬುಗತ್ತಲಲ್ಲಿ ನೀರಿಗಿಳಿಯುವುದು, ಕೈಕಾಲು ಇಳಿಬಿಟ್ಟು ಕೂರುವುದು ಬೇಡ.

ಇಳಿಯುವ ಜಾಗಕ್ಕೆ ಹರಿಹರದ ಸ್ನಾನಘಟ್ಟ ಸೂಕ್ತವಲ್ಲ. ಅಲ್ಲಿ ಭಕ್ತರ ಗದ್ದಲ, ಕೆಳಗೆ ಪಟ್ಟಣದ ಕೊಳಚೆ. ಪಟ್ಟಣಕ್ಕಿಂತ ಮೇಲ್ದಿಕ್ಕಿನಲ್ಲಿ, ಇಳಿಜಾರು ಮರಳುದಡ ಇರುವ ಕಡೆ ಹುಡುಕಿ. ಮೊದಲ ಭಾನುವಾರ ದೋಣಿಯಿಲ್ಲದೆ ದಡದಲ್ಲೇ ಒಂದು ಕಿ.ಮೀ. ನಡೆದು ನೋಡಿ ಬನ್ನಿ. ಆ ದಡದ ಗ್ರಾಮ ಪಂಚಾಯಿತಿಗೂ ಪೊಲೀಸ್ ಠಾಣೆಗೂ ಮೊದಲೇ ತಿಳಿಸಿ, ನಿಷೇಧವಿದ್ದ ದಿನ ಇಳಿಯಬೇಡಿ. ಎದುರು ದಡ ಹಾವೇರಿ ಜಿಲ್ಲೆ ಎಂಬುದು ಅಪಘಾತವಾದಾಗ 112ಕ್ಕೆ ಕರೆ ಮಾಡಿ ಜಾಗ ಹೇಳುವಾಗ ಉಪಯೋಗಕ್ಕೆ ಬರುತ್ತದೆ. ಫೋನು ನೀರು ಹೋಗದ ಚೀಲದಲ್ಲಿ, ಜಾಕೆಟ್ಟಿನ ಜೇಬಿನಲ್ಲಿರಲಿ. ದೋಣಿಯಲ್ಲಿಟ್ಟ ಫೋನು ದೋಣಿಯ ಜೊತೆಗೇ ಹೋಗುತ್ತದೆ. ಸೀಟಿ, ತಲೆಗೆ ಟೋಪಿ, ತಲಾ ಒಂದು ಲೀಟರ್ ನೀರು, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ, ಮೊಂಡುತುದಿಯ ಚಾಕು, ಇಷ್ಟಿದ್ದರೆ ಸಾಕು.

ಸಾಗಣೆಗೆ ಕಾರಿನ ಚಾವಣಿಗೆ ಅಡ್ಡಪಟ್ಟಿ ಹಾಕಿಸಿ, ದೋಣಿಯನ್ನು ಬೋರಲಾಗಿಟ್ಟು ಬಕಲ್ ಪಟ್ಟಿಯಿಂದ ಬಿಗಿಯಿರಿ. ಲಾರಿಯವರ ರ‍್ಯಾಚೆಟ್ (ಹಲ್ಲುಚಕ್ರದಿಂದ ಬಿಗಿಯುವ ಪಟ್ಟಿ) ಬೇಡ, ಬಿಸಿಲಿಗೆ ಮೆತ್ತಗಾದ ಪ್ಲಾಸ್ಟಿಕ್ ಅದರಡಿ ನೆಗ್ಗಿ ಉಳಿದುಬಿಡುತ್ತದೆ. ಮೂತಿಯಿಂದ ಬಂಪರಿಗೆ ಒಂದು ಹಗ್ಗ ಇರಲಿ, ಹೆದ್ದಾರಿಯಲ್ಲಿ ಗಾಳಿ ಮುಂಬದಿಯನ್ನು ಎತ್ತುತ್ತದೆ. ಜೋಡಿ ದೋಣಿ 30 ಕೆ.ಜಿ. ದಾಟುವುದರಿಂದ ನಿಮ್ಮ ಕಾರಿನ ಚಾವಣಿ ಎಷ್ಟು ಹೊರುತ್ತದೆಂದು ಕೈಪಿಡಿಯಲ್ಲಿ ನೋಡಿ. ಎರಡು ದೋಣಿ, ಅಡ್ಡಪಟ್ಟಿ ಸೇರಿದರೆ ಸಣ್ಣ ಕಾರಿನ ಮಿತಿ ಮೀರುವುದೇ ಹೆಚ್ಚು. ಹತ್ತು-ಹನ್ನೆರಡು ಭಾನುವಾರಕ್ಕೆ ದೋಣಿಯನ್ನು ಮೂರನೇ ಮಹಡಿಗೆ ಹೊತ್ತು ಇಳಿಸುವುದಕ್ಕಿಂತ, ಹೊಳೆದಡದ ಹಳ್ಳಿಯಲ್ಲಿ ಪರಿಚಯದವರ ತೋಟದ ಮನೆಯ ನೆರಳಲ್ಲಿ ಮಗ್ಗುಲಾಗಿ ನಿಲ್ಲಿಸಿಟ್ಟು ಬರುವುದು ಮೇಲು. ಹಿಡಿಕೆಗೆ ಹಗ್ಗ ಕಟ್ಟಿ ತೂಗುಹಾಕಿದರೆ ದೋಣಿ ಬಾಳೆಕಾಯಿಯಂತೆ ಬಾಗುತ್ತದೆ. ಇಡುವ ಮುನ್ನ ಹಿಂಬದಿಯ ಬಿರಡೆ ಬಿಚ್ಚಿ ಒಳನೀರು ಸುರಿದು, ಬಿರಡೆಯನ್ನು ಹಿಡಿಕೆಗೇ ದಾರದಲ್ಲಿ ಕಟ್ಟಿ. ಬಿರಡೆ ಮರೆತು ನೀರಿಗಿಳಿದ ದೋಣಿ ಅರ್ಧ ಗಂಟೆ ಚೆನ್ನಾಗಿಯೇ ಓಡುತ್ತದೆ, ಆಮೇಲೆ ಭಾರವಾಗುತ್ತ, ಓಲಾಡುತ್ತ, ಕಾರಣ ತಿಳಿಯದೆಯೇ ಮಗುಚುತ್ತದೆ.

ಕಾಲಿಗೆ ಗಾಯವಿದ್ದ ವಾರ ನೀರಿಗಿಳಿಯಬೇಡಿ. ಹೊಳೆಗೆ ಹೋಗಿಬಂದ ಎರಡು-ಮೂರು ವಾರದೊಳಗೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಕಂಡರೆ ವೈದ್ಯರಿಗೆ ಹೊಳೆಯ ವಿಷಯವನ್ನೂ ಹೇಳಿ. ಇಲಿಜ್ವರದ ಅನುಮಾನ ಅವರಿಗೆ ಬೇಗ ಹೊಳೆಯುತ್ತದೆ.